ವೀರ್ಯಾಣುವಿನ ಗುಟ್ಟು ತಿಳಿದ ವಿಜ್ಞಾನಿ ಎಂ.ಸಿ. ಚಾಂಗ್



ಹಾಲು ಮತ್ತು ರೇಷ್ಮೆಗೆ ಹೆಸರಾದ ಕೋಲಾರ ಜಿಲ್ಲೆಯವರಾದ ನಿಮಗೆ, ಬೆದೆಗೆ ಬಂದ ಸೀಮೆಹಸುವಿಗೆ ಇಂಜೆಕ್ಷನ್ ಕೊಡಿಸುವುದು ಹೊಸ ವಿಷಯವೇನಲ್ಲ. ಗಬ್ಬ ನಿಂತರೆ ಸರಿ. ನಿಲ್ಲದಿದ್ದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನವೂ ಹಿಂಡಿ, ಬೂಸಾ, ಮೇವಿನ ಖರ್ಚು ರೈತನ ತಲೆಯ ಮೇಲೆಯೇ. ವೀರ್ಯ ಸೇರಿದೊಡನೆ ಗರ್ಭ ಕಟ್ಟುತ್ತದೆಂದು ನಾವು ತಿಳಿಯುತ್ತೇವೆ. ಅದು ಹಾಗಲ್ಲ ಎಂದು 1951ರಲ್ಲಿ ತೋರಿಸಿಕೊಟ್ಟವರು ಮಿನ್ ಚುಯೆ ಚಾಂಗ್.

ಚಾಂಗ್ ಹುಟ್ಟಿದ್ದು 1908ರ ಅಕ್ಟೋಬರ್ 10ರಂದು, ಚೀನಾದ ಶಾನ್ಸಿ ಪ್ರಾಂತ್ಯದಲ್ಲಿ. ಪೀಕಿಂಗಿನ ಸಿಂಗ್‌ಹುವಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಗಳ ಮನಶ್ಶಾಸ್ತ್ರ ಓದಿ 1933ರಲ್ಲಿ ಪದವಿ ಪಡೆದರು. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಗೆದ್ದು 1938ರಲ್ಲಿ ಎಡಿನ್‌ಬರೋಗೆ ಹೋದರು. ಅಲ್ಲಿಂದ ಕೇಂಬ್ರಿಜ್‌ಗೆ ತೆರಳಿ, ಟಗರಿನ ವೀರ್ಯದ ಮೇಲೆ ಸಂಶೋಧನೆ ನಡೆಸಿ 1941ರಲ್ಲಿ ಪಿಎಚ್.ಡಿ. ಗಳಿಸಿದರು.

ಇದೇ ಕಾಲಕ್ಕೆ ನಮ್ಮ ನಾಡಿನಲ್ಲೂ ಒಂದು ಹೆಜ್ಜೆ ಇಡಲಾಗಿತ್ತೆಂಬುದನ್ನು ಮರೆಯಬಾರದು. 1939ರಲ್ಲಿ ಮೈಸೂರಿನ ಅರಮನೆ ಡೈರಿ ಫಾರಂನಲ್ಲಿ ಡಾ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಹೋರಿಯ ವೀರ್ಯ ಬಳಸಿ, ಭಾರತದಲ್ಲಿ ಮೊದಲ ಬಾರಿಗೆ ಕೃತಕ ಗರ್ಭಧಾರಣೆ ಮಾಡಿಸಿದರು.

1945ರಲ್ಲಿ ಚಾಂಗ್ ಅಮೆರಿಕದ ವೂಸ್ಟರ್ ಫೌಂಡೇಷನ್ ಸೇರಿದರು. ಅದು ಹಣವಿಲ್ಲದ ಪುಟ್ಟ ಸಂಸ್ಥೆ. ಆರಂಭದ ದಿನಗಳಲ್ಲಿ ಈ ಡಾಕ್ಟರೇಟ್ ಪಡೆದ ವಿಜ್ಞಾನಿಯೇ ರಾತ್ರಿ ಕಾವಲುಗಾರರೂ ಆಗಿದ್ದರು! ಒಂದು ವರ್ಷಕ್ಕೆಂದು ಹೋದವರು ಜೀವನಪೂರ್ತಿ ಅಲ್ಲಿಯೇ ಉಳಿದರು.

ಅವರ ತಲೆ ತಿನ್ನುತ್ತಿದ್ದ ಪ್ರಶ್ನೆಯೊಂದಿತ್ತು. ಮೊಲದ ಅಂಡವನ್ನು ಗಾಜಿನ ಪಾತ್ರೆಯಲ್ಲಿಟ್ಟು ಚುರುಕಾದ ವೀರ್ಯಾಣುಗಳನ್ನು ಬಿಟ್ಟರೂ ಫಲವಾಗುತ್ತಿರಲಿಲ್ಲ. ಕಾರಣ ಹುಡುಕಲು ಅವರು ಹೆಣ್ಣುಮೊಲಗಳ ಅಂಡನಾಳಕ್ಕೆ ಬೇರೆ ಬೇರೆ ಹೊತ್ತಿನಲ್ಲಿ ವೀರ್ಯಾಣು ಹಾಕಿ ನೋಡಿದರು. ಅಂಡ ಬಿಡುಗಡೆಯಾದ ಮೇಲೆ ಹಾಕಿದವು ಬಹುತೇಕ ವ್ಯರ್ಥವಾದವು; ಕೆಲವು ಗಂಟೆ ಮೊದಲೇ ಹಾಕಿದವು ಫಲ ಕೊಟ್ಟವು. ಅಂದರೆ ಮೊಲದ ವೀರ್ಯಾಣು ಹೆಣ್ಣಿನ ದೇಹದಲ್ಲಿ ಸುಮಾರು ಆರು ಗಂಟೆ ಕಳೆದ ನಂತರವೇ ಅಂಡವನ್ನು ಭೇದಿಸುವ ಶಕ್ತಿ ಪಡೆಯುತ್ತದೆ. ಆಸ್ಟ್ರೇಲಿಯಾದಲ್ಲಿ ಕಾಲಿನ್ ಆಸ್ಟಿನ್ ಸಹ ಅದೇ ವರ್ಷ ಸ್ವತಂತ್ರವಾಗಿ ಇದನ್ನೇ ಕಂಡರು. ಅವರು ಇದಕ್ಕೆ ಕೆಪಾಸಿಟೇಷನ್ ಎಂದು ಹೆಸರಿಟ್ಟರು. ಹಾಗೆ ಶಕ್ತಿ ಪಡೆದ ವೀರ್ಯಾಣುವನ್ನು ಮತ್ತೆ ವೀರ್ಯದ್ರವದಲ್ಲಿಟ್ಟರೆ ಆ ಶಕ್ತಿ ಉಡುಗಿಹೋಗುತ್ತದೆಂದು 1957ರಲ್ಲಿ ಚಾಂಗ್ ತೋರಿಸಿದರು. ನನಗೆ ಇದೇ ಅವರ ಅತ್ಯಂತ ಜಾಣ ಪ್ರಯೋಗವೆನಿಸುತ್ತದೆ.

ಒಳಗೆ ನಡೆಯುವುದೇನು? ವೀರ್ಯಾಣುವಿನ ಹೊರಪೊರೆಯಿಂದ ಕೊಲೆಸ್ಟರಾಲ್ ಕಳಚಿ ಪೊರೆ ಸಡಿಲವಾಗುತ್ತದೆ. ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಒಳನುಗ್ಗುತ್ತವೆ. ಬಾಲ ಚಾಟಿಯಂತೆ ಬಡಿಯತೊಡಗುತ್ತದೆ. ಹೋರಿಯ ವೀರ್ಯಾಣುವಿಗೆ ಹೆಪಾರಿನ್ ಎಂಬ ವಸ್ತುವಿನಿಂದ ಪ್ರಯೋಗಾಲಯದಲ್ಲಿ ಸುಮಾರು ನಾಲ್ಕು ಗಂಟೆಗಳಲ್ಲಿ ಈ ಸಿದ್ಧತೆ ಮಾಡಿಸಬಹುದೆಂದು 1988ರಲ್ಲಿ ಅಮೆರಿಕದ ಪ್ಯಾರಿಷ್ ಮತ್ತು ಸಂಗಡಿಗರು ತೋರಿಸಿದರು. ಹೆಪಾರಿನ್ ಎಂದರೆ ರಕ್ತ ಹೆಪ್ಪುಗಟ್ಟದಂತೆ ಆಸ್ಪತ್ರೆಯಲ್ಲಿ ಕೊಡುವ ಅದೇ ಔಷಧಿ. ಹಸುವಿನ ಅಂಡನಾಳದಲ್ಲಿಯೂ ಅದನ್ನು ಹೋಲುವ ಪದಾರ್ಥಗಳಿವೆ.

1959ರಲ್ಲಿ ಚಾಂಗ್ ಹೀಗೆ ಸಿದ್ಧಗೊಂಡ ವೀರ್ಯಾಣುಗಳಿಂದ ಮೊಲದ ಅಂಡವನ್ನು ದೇಹದ ಹೊರಗೆ ಫಲಗೊಳಿಸಿ, ಬೇರೊಂದು ಮೊಲದ ಗರ್ಭದಲ್ಲಿ ಬೆಳೆಸಿ, ಜೀವಂತ ಮರಿಗಳನ್ನು ಪಡೆದರು. 1978ರ ಪ್ರನಾಳ ಶಿಶುವಿನ ಹಿಂದೆ ಈ ಮರಿಗಳಿವೆ. ಗರ್ಭನಿರೋಧಕ ಮಾತ್ರೆಯ ಶೋಧದಲ್ಲೂ ಪಿಂಕಸ್ ಜೊತೆ ದುಡಿದ ಚಾಂಗ್ ಅವರಿಗೆ ನೊಬೆಲ್ ಮಾತ್ರ ಬರಲಿಲ್ಲ. 2010ರಲ್ಲಿ ಅದು ಪ್ರನಾಳ ಶಿಶು ವಿಜ್ಞಾನಿ ಎಡ್ವರ್ಡ್ಸ್ ಅವರಿಗೆ ಸಂದಿತು. ಚಾಂಗ್ ತೀರಿಕೊಂಡದ್ದು 1991ರ ಜೂನ್ 5ರಂದು.

ಈಗ ನಿಮ್ಮ ಕೊಟ್ಟಿಗೆಗೆ ಬನ್ನಿ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿದ್ದ ಕಡ್ಡಿಯ ವೀರ್ಯಾಣು ಹೆಪ್ಪುಗಟ್ಟಿ ಕರಗುವಾಗಲೇ ಅದರ ಪೊರೆ ಅರೆಬರೆ ಸಡಿಲಗೊಂಡಿರುತ್ತದೆ. ಅದಕ್ಕೆ ಆಯುಷ್ಯ ಕಡಿಮೆ. ತೀರಾ ಮುಂಚೆ ಹಾಕಿಸಿದರೆ ಅಂಡ ಬರುವಷ್ಟರಲ್ಲಿ ಸಾಯುತ್ತದೆ. ತೀರಾ ತಡವಾದರೆ ಅದು ಸಿದ್ಧವಾಗುವಷ್ಟರಲ್ಲಿ ಅಂಡ ಹಳಸುತ್ತದೆ. ಹಸು ಬೆಳಿಗ್ಗೆ ಬೆದೆ ತೋರಿಸಿದರೆ ಅಂದೇ ಸಂಜೆ, ಸಂಜೆ ತೋರಿಸಿದರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಕೊಡಿಸಿರೆಂದು ಪಶುವೈದ್ಯರು ಹೇಳುವುದು ಇದಕ್ಕಾಗಿಯೇ.