ಡಾಕ್ಟರೂ ಅಲ್ಲ, ಬರೀ ಸಾಫ್ಟ್‌ವೇರೂ ಅಲ್ಲ: ಮಾರ್ಗರೆಟ್ ಡೇಹಾಫ್

ಕಳೆದ ಯುಗಾದಿ ಊಟದ ಹೊತ್ತಿನಲ್ಲಿ ನಮ್ಮ ಹಿರಿಯರೊಬ್ಬರು ಪಕ್ಕದಲ್ಲಿ ಕೂತು, ಮೆಡಿಕಲ್ ಕಾಲೇಜಲ್ಲಿ ಇದ್ದೀಯಂತಲ್ಲ, ಡಾಕ್ಟರಾ ಅಂತ ಕೇಳಿದರು. ಅಲ್ಲ ಸಾರ್, ಕಂಪ್ಯೂಟರ್ ಅಂದೆ. ಓಹೋ, ಅಲ್ಲಿ ಪ್ರಿಂಟರ್ ಕೆಟ್ಟರೆ ನಿನ್ನನ್ನೇ ಕರೀತಾರೆ ಅನ್ನು ಅಂತ ನಕ್ಕರು. ನಾನೂ ನಕ್ಕೆ. ನಿಜ ಹೇಳಬೇಕಂದ್ರೆ, ಒಂದೆರಡು ಸಲ ಕರೆದದ್ದೂ ಉಂಟು.

ಎಂಟು ವರ್ಷಗಳಿಂದ ನಾನು ಒಂದು ವಿಶ್ವವಿದ್ಯಾಲಯದ ವೈದ್ಯಕೀಯ ಸಂಶೋಧನಾ ವಿಭಾಗದಲ್ಲಿದ್ದೇನೆ. ಡಾಕ್ಟರುಗಳು ರೋಗಿಗಳಿಂದ ಮಾದರಿ ತರುತ್ತಾರೆ, ಲ್ಯಾಬಿನವರು ಪರೀಕ್ಷೆ ಮಾಡುತ್ತಾರೆ. ಬಂದ ರಾಶಿ ಮಾಹಿತಿಯನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಹಸನು ಮಾಡುವುದು ನನ್ನ ಕೆಲಸ. ಸಂಶೋಧನಾ ಲೇಖನ ಅಚ್ಚಾದಾಗ ನನ್ನ ಹೆಸರು ಸಾಮಾನ್ಯವಾಗಿ ಕೊನೆಯ ಕೃತಜ್ಞತೆಯ ಸಾಲಿನಲ್ಲಿರುತ್ತದೆ. ಗ್ರಾಂಟ್ ಮುಗಿದರೆ ಸಂಬಳ ಹೋಯ್ತು, ಸಂಬಳದ ಹಿಂದೆಯೇ ವೀಸಾ. ಈ ಲೆಕ್ಕ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಚಳಿಗಾಲದಲ್ಲಿ ನಮ್ಮ ಗ್ರಾಂಟ್ ಅಲುಗಾಡಿದಾಗ ನಿದ್ದೆ ಬಾರದೆ ನಾನು ಓದಿದ್ದು ಮಾರ್ಗರೆಟ್ ಡೇಹಾಫ್ ಅವರ ಬಗ್ಗೆ.

ಅವರು ಹುಟ್ಟಿದ್ದು 1925ರಲ್ಲಿ, ಫಿಲಡೆಲ್ಫಿಯಾದಲ್ಲಿ. ಓದಿದ್ದು ನ್ಯೂಯಾರ್ಕ್‌ನಲ್ಲಿ, ಮೊದಲು ಗಣಿತ, ಆಮೇಲೆ ಕೊಲಂಬಿಯಾದಲ್ಲಿ ರಸಾಯನಶಾಸ್ತ್ರ. ವ್ಯಾಪಾರದ ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಪಂಚ್ ಕಾರ್ಡ್ ಯಂತ್ರಗಳಲ್ಲಿ ಅಣುಗಳ ಶಕ್ತಿಯನ್ನು ಲೆಕ್ಕ ಹಾಕಿ 1948ರಲ್ಲಿ ಪಿಎಚ್.ಡಿ. ಪಡೆದರು. ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳಾದರು, ಮಕ್ಕಳಿಗಾಗಿ ಕೆಲವು ವರ್ಷ ಕೆಲಸದಿಂದ ದೂರ ಉಳಿದರು. ಮತ್ತೆ ಶುರು ಮಾಡಿದ ಅವರು 1960ರಲ್ಲಿ ನ್ಯಾಷನಲ್ ಬಯೋಮೆಡಿಕಲ್ ರಿಸರ್ಚ್ ಫೌಂಡೇಶನ್ ಸೇರಿದರು. ನಮ್ಮಲ್ಲಿ ಎಷ್ಟೋ ಜನ ಬಾಡಿಗೆ ಮನೆ ಹುಡುಕಿಕೊಂಡು ಹೋಗುವ ಸಿಲ್ವರ್ ಸ್ಪ್ರಿಂಗ್‌ನಲ್ಲೇ ಆಗ ಅದರ ಕಚೇರಿ ಇತ್ತು. ಅದನ್ನು ಕಟ್ಟಿದ ರಾಬರ್ಟ್ ಲೆಡ್ಲಿ ಹಲ್ಲಿನ ವೈದ್ಯಕೀಯವನ್ನೂ ಭೌತಶಾಸ್ತ್ರವನ್ನೂ ಓದಿದವರು. ಮುಂದೆ ಈ ಸಂಸ್ಥೆ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಮೆಡಿಕಲ್ ಸೆಂಟರ್‌ಗೆ ಬಂತು, ಡೇಹಾಫ್ ಅಲ್ಲಿ ಪ್ರೊಫೆಸರ್ ಆದರು.

ಆ ಕಾಲದಲ್ಲಿ ಒಂದು ಪ್ರೋಟೀನಿನ ರಚನೆ ತಿಳಿಯಬೇಕಾದರೆ ಅದನ್ನು ತುಂಡು ಮಾಡಿ, ತುಂಡುಗಳನ್ನು ಓದಿ, ಕೈಯಲ್ಲೇ ಹೊಂದಿಸಬೇಕಿತ್ತು. ಮಲ್ಲಿಗೆ, ಗೆಹೂ, ಹೂವು ಅಂತ ಮೂರು ಚೂರು ಸಿಕ್ಕರೆ, ಒಂದರ ಬಾಲ ಇನ್ನೊಂದರ ತಲೆಗೆ ಕೂಡುವುದನ್ನು ನೋಡಿ ಮಲ್ಲಿಗೆಹೂವು ಅಂತ ಓದಿಕೊಳ್ಳುವ ಹಾಗೆ. ನೂರಾರು ಚೂರುಗಳಾದರೆ ತಲೆ ಕೆಡುತ್ತದೆ. ಈ ಜೋಡಣೆಯನ್ನು ಐಬಿಎಂ 7090 ಯಂತ್ರ ಮಾಡುವಂಥ ಪ್ರೋಗ್ರಾಮನ್ನು ಲೆಡ್ಲಿ ಜೊತೆ ಸೇರಿ 1962ರಲ್ಲಿ ಪ್ರಕಟಿಸಿದರು.

ಆಮೇಲೆ ಅವರು ಹಿಡಿದ ಕೆಲಸ ಹೊರಗಿನಿಂದ ನೋಡಿದರೆ ಬರೀ ಗುಮಾಸ್ತಿಕೆ. ಜಗತ್ತಿನ ಎಲ್ಲೆಲ್ಲೋ ಪ್ರಕಟವಾದ ಪ್ರೋಟೀನ್ ಸರಣಿಗಳನ್ನು ಹುಡುಕಿ, ತಪ್ಪು ತಿದ್ದಿ, ಒಂದೇ ಕಡೆ ಸೇರಿಸುವುದು. 1965ರಲ್ಲಿ ಬಂದ ಅವರ ಅಟ್ಲಾಸ್‌ನ ಮೊದಲ ಆವೃತ್ತಿಯಲ್ಲಿದ್ದದ್ದು 65 ಪ್ರೋಟೀನುಗಳು. ಅಮೈನೋ ಆಮ್ಲಗಳಿಗೆ ಮೂರು ಮೂರು ಅಕ್ಷರ ಬರೆದರೆ ಕಾರ್ಡುಗಳ ರಾಶಿ ಬೆಳೆಯುತ್ತೆ ಅಂತ ಒಂದೊಂದೇ ಅಕ್ಷರದ ಹೆಸರು ಕೊಟ್ಟರು. ಫೀನೈಲ್‌ಅಲನೀನ್ ಸದ್ದಿನಿಂದ ಎಫ್. ಟ್ರಿಪ್ಟೊಫ್ಯಾನ್ ಅಣುವಿನಲ್ಲಿ ಎರಡು ಉಂಗುರ, ಅದಕ್ಕೆ ಅಗಲವಾದ ಡಬ್ಲ್ಯೂ. ಇವತ್ತು ಬೆಳಿಗ್ಗೆ ನಾನು ತೆರೆದ ಫೈಲಿನಲ್ಲಿ ಇದ್ದದ್ದೂ ಇದೇ ಅಕ್ಷರಗಳು.

ಹೀಗೆ ಸೇರಿಸಿಟ್ಟದ್ದರಿಂದಲೇ ವಿಜ್ಞಾನವೂ ಹೊರಟಿತು. ಮದುವೆ ಮನೆಯಲ್ಲಿ ಅಜ್ಜಿಯರು ಮಗುವಿನ ಮೂಗು ನೋಡಿ ಇದು ಇಂಥವರ ಮನೆಯದು ಅಂತಾರಲ್ಲ, ಹಾಗೆ ಎರಡು ಪ್ರೋಟೀನುಗಳು ಸಂಬಂಧಿಕರೋ ಅಲ್ಲವೋ ಹೇಳುವುದು ಹೇಗೆ? ಡೇಹಾಫ್ ತಂಡ 71 ಪ್ರೋಟೀನ್ ಗುಂಪುಗಳಲ್ಲಿ ಆಗಿದ್ದ 1,572 ಬದಲಾವಣೆಗಳನ್ನು ಎಣಿಸಿ, ಯಾವ ಅಕ್ಷರ ಯಾವುದಕ್ಕೆ ಎಷ್ಟು ಸುಲಭವಾಗಿ ಬದಲಾಗುತ್ತದೆ ಎಂಬ ಕೋಷ್ಟಕವನ್ನು 1978ರಲ್ಲಿ ಕೊಟ್ಟಿತು. 1982ರಲ್ಲಿ ಅವರೂ ವಿನೋನಾ ಬಾರ್ಕರ್ ಅವರೂ ಸರಣಿಗಳನ್ನು ಹೋಲಿಸಿ, ಕೋಳಿಗೆ ಕ್ಯಾನ್ಸರ್ ತರುವ ವೈರಸ್ಸಿನ ಒಂದು ಪ್ರೋಟೀನಿಗೂ ಸಸ್ತನಿಗಳ ಜೀವಕೋಶದಲ್ಲಿ ದಿನನಿತ್ಯ ದುಡಿಯುವ ಒಂದು ಕಿಣ್ವಕ್ಕೂ ನಂಟಿದೆ ಎಂದು ತೋರಿಸಿದರು. ಆ ನಂಟು ಸಿಕ್ಕಿದ್ದು ಅಕ್ಷರಗಳ ಸಾಲಿನಲ್ಲಿ.

ಇಷ್ಟಾದರೂ ಹಣದ ಪಾಡು ತಪ್ಪಲಿಲ್ಲ. ಖರ್ಚಿಗೆ ಅಟ್ಲಾಸ್ ಮಾರಿದರೆ, ನಮ್ಮ ಶ್ರಮವನ್ನು ಇವರು ಮಾರುತ್ತಾರೆ ಅಂತ ಕೆಲವು ವಿಜ್ಞಾನಿಗಳ ಮುನಿಸು. 1980ರಲ್ಲಿ ಟೆಲಿಫೋನ್ ಲೈನ್ ಮೂಲಕ ಯಾರು ಬೇಕಾದರೂ ಹುಡುಕುವ ಹಾಗೆ ತಮ್ಮ ಭಂಡಾರವನ್ನು ತೆರೆದರು. ಆದರೆ 1982ರಲ್ಲಿ ಸರ್ಕಾರ ಡಿಎನ್‌ಎ ಸರಣಿಗಳ ಜೀನ್‌ಬ್ಯಾಂಕ್ ಕೆಲಸವನ್ನು ಲಾಸ್ ಅಲಾಮೋಸ್ ಕಡೆಯವರಿಗೆ ಕೊಟ್ಟಿತು. ಇವರೂ ಸ್ಪರ್ಧೆಯಲ್ಲಿದ್ದರು. ಮರುವರ್ಷ, 1983ರ ಫೆಬ್ರವರಿ 5ರಂದು, ಹೃದಯಾಘಾತದಿಂದ ತೀರಿಕೊಂಡರು. ಇನ್ನೂ 57 ವರ್ಷ. ಅವರ ಭಂಡಾರಕ್ಕೆ ನೆಲೆಯಾಗಿ ಪ್ರೋಟೀನ್ ಇನ್ಫರ್ಮೇಶನ್ ರಿಸೋರ್ಸ್ ಆರಂಭವಾದದ್ದು 1984ರಲ್ಲಿ. ಇವತ್ತು ಎಲ್ಲರೂ ಬಳಸುವ ಯೂನಿಪ್ರಾಟ್‌ನಲ್ಲಿ ಅದೂ ಸೇರಿದೆ.

ಸ್ನೇಹಿತರೇ, ಅವರೆಲ್ಲಿ ನಾನೆಲ್ಲಿ. ಆದರೂ ಒಂದು ಮಾತು ನನ್ನ ಹೊಟ್ಟೆಗಿಳಿಯಿತು. ಬೇರೆಯವರು ಬೆಳೆದದ್ದನ್ನು ಹಸನು ಮಾಡಿ ಜೋಡಿಸಿಡುವುದು ಕೈಯಾಳಿನ ಕೆಲಸವಲ್ಲ, ಅದೂ ಸಂಶೋಧನೆಯೇ. ಈ ಸಲದ ಗ್ರಾಂಟ್ ಅರ್ಜಿಯಲ್ಲಿ ಆ ಕೆಲಸಕ್ಕೆ ಬೇರೆಯೇ ಒಂದು ಪುಟ ಬೇಕು, ಅದರಲ್ಲಿ ನನ್ನ ಹೆಸರೂ ಇರಬೇಕು ಅಂತ ಕೇಳಿದೆ. ಎಂಟು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದ್ದು. ನಮ್ಮ ಪ್ರೊಫೆಸರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಬರಿ ಅಂದರು. ಬರೆದೆ.

ಫಲಿತಾಂಶ ಇನ್ನೂ ಬಂದಿಲ್ಲ. ಮುಂದಿನ ಯುಗಾದಿ ಊಟಕ್ಕೆ ಇಲ್ಲೇ ಇರುತ್ತೇನೋ ಗೊತ್ತಿಲ್ಲ. ಇದ್ದರೆ, ಆ ಹಿರಿಯರ ಪಕ್ಕದಲ್ಲೇ ಕೂತು, ಒಬ್ಬಟ್ಟು ಬಡಿಸುವುದರೊಳಗೆ ಈ ಹೆಂಗಸಿನ ಕಥೆ ಹೇಳಬೇಕು ಅಂದುಕೊಂಡಿದ್ದೇನೆ.