ಮುಳುಗಡೆಯಾದವರ ಜಾಡು ಹಿಡಿದು ಹೋದ ಇರಾವತಿ ಕರ್ವೆ

ಕಣಕುಂಬಿಯಲ್ಲಿ ಹುಟ್ಟಿ, ಕಿತ್ತೂರು-ಬೈಲಹೊಂಗಲ ಸೀಮೆಯನ್ನು ಹಾಯ್ದು ಬರುವ ಮಲಪ್ರಭೆಗೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟು ಪೂರ್ಣಗೊಂಡದ್ದು 1972ರಲ್ಲಿ. ಜಲಾಶಯದ ಕೆಳಗಿನ ಹೊಲಗಳಿಗೆ ನೀರು ಬಂದಿತು; ಮೇಲಿನ ಊರುಗಳು ಎದ್ದು ಹೋಗಬೇಕಾಯಿತು. ಹೀಗೆ ಎದ್ದು ಹೋದವರು ಮುಂದೇನಾದರು ಎಂಬುದನ್ನು ದೇಶದಲ್ಲಿ ಮೊದಮೊದಲಿಗೆ ಶಾಸ್ತ್ರೀಯವಾಗಿ ಅಧ್ಯಯನ ಮಾಡಿದವರಲ್ಲಿ ಸಮಾಜಶಾಸ್ತ್ರಜ್ಞೆ ಇರಾವತಿ ಕರ್ವೆ ಒಬ್ಬರು. ಪರಿಸರ ಸಮಾಜಶಾಸ್ತ್ರ ಎಂಬ ಹೆಸರು ಬಳಕೆಗೆ ಬರುವ ಮೊದಲೇ ಅವರು ಆ ಕೆಲಸ ಮಾಡಿದ್ದರು.

ಇರಾವತಿ ಜನಿಸಿದ್ದು 1905ರ ಡಿಸೆಂಬರ್ 15ರಂದು, ಬರ್ಮಾ ದೇಶದಲ್ಲಿ. ಅಲ್ಲಿನ ಮಹಾನದಿ ಐರಾವತಿಯ ಹೆಸರನ್ನೇ ಮಗಳಿಗೆ ಇಡಲಾಯಿತು. ಬಾಲ್ಯದಲ್ಲೇ ಪುಣೆಗೆ ಬಂದು ಓದಿದ ಅವರು ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಮಾರ್ಗದರ್ಶನದಲ್ಲಿ ಸಮಾಜಶಾಸ್ತ್ರ ಅಭ್ಯಸಿಸಿದರು. ಸ್ತ್ರೀಶಿಕ್ಷಣದ ಹರಿಕಾರ ಧೋಂಡೋ ಕೇಶವ ಕರ್ವೆ ಅವರ ಮಗ ದಿನಕರ ಕರ್ವೆ ಅವರ ಪತಿ.

1928ರಲ್ಲಿ ಬರ್ಲಿನ್‌ಗೆ ತೆರಳಿದ ಅವರು ಯೂಜೆನ್ ಫಿಷರ್ ಬಳಿ ತಲೆಬುರುಡೆಗಳ ಅಧ್ಯಯನ ನಡೆಸಿದರು. ಜನಾಂಗಗಳಲ್ಲಿ ಮೇಲು-ಕೀಳು ಕಾಣುತ್ತಿದ್ದ ಗುರುವಿನ ನಿರೀಕ್ಷೆಗೆ ತಮ್ಮ ಅಳತೆಗಳು ಹೊಂದಲಿಲ್ಲವೆಂಬುದನ್ನು ಮುಚ್ಚಿಡದೆ ಪ್ರಬಂಧದಲ್ಲಿ ದಾಖಲಿಸಿ ಡಾಕ್ಟರೇಟ್ ಪಡೆದರು.

1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಸೇರಿದ ಅವರು ಅಲ್ಲಿಯೇ ಬಾಳಿನುದ್ದ ದುಡಿದರು. 1953ರಲ್ಲಿ ಪ್ರಕಟವಾದ ಅವರ ಗ್ರಂಥ ಭಾರತದ ಬಂಧುತ್ವ ವ್ಯವಸ್ಥೆಯನ್ನು ನಾಲ್ಕು ವಲಯಗಳಾಗಿ ವಿಂಗಡಿಸಿತು. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಕನ್ನಡ ನಾಡಿನ ರೂಢಿಯನ್ನು ಅದರಲ್ಲಿ ದಕ್ಷಿಣ ವಲಯದ ಲಕ್ಷಣವಾಗಿ ವಿವರಿಸಲಾಗಿದೆ. ಮಹಾಭಾರತದ ಪಾತ್ರಗಳನ್ನು ಮನುಷ್ಯರಾಗಿ ಕಂಡ 'ಯುಗಾಂತ' ಕೃತಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಮಲಪ್ರಭೆಯಂತೆಯೇ ಕೃಷ್ಣೆಯನ್ನು ಸೇರುವ ಸಾತಾರಾ ಜಿಲ್ಲೆಯ ಕೊಯ್ನಾ ನದಿಗೆ 1960ರ ದಶಕದಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಎದ್ದಿತು. ಅಲ್ಲಿ ಮನೆ-ಹೊಲ ಕಳೆದುಕೊಂಡವರ ಸಮೀಕ್ಷೆಯನ್ನು ಇರಾವತಿಯವರು ಮಗಳು ಜಾಯಿ ನಿಂಬಕರ್ ಅವರೊಡನೆ ಕೈಗೊಂಡರು. ಅದರ ವರದಿ 1969ರಲ್ಲಿ ಡೆಕ್ಕನ್ ಕಾಲೇಜಿನಿಂದ ಹೊರಬಂದಿತು. ಹೊಲಕ್ಕೆ ಪರಿಹಾರದ ದರ ಕಟ್ಟಬಹುದು. ಮಗಳನ್ನು ಕೊಟ್ಟ ಊರು, ಕಷ್ಟಕ್ಕೆ ಒದಗುವ ಬೀಗರು, ಗ್ರಾಮದೇವತೆಯ ಜಾತ್ರೆ ಇವಕ್ಕೆ ದರವಿಲ್ಲ. ಬಂಧುತ್ವವನ್ನೇ ಬಾಳಿನುದ್ದ ಅಭ್ಯಸಿಸಿದ ವಿದುಷಿ ಮುಳುಗಡೆಯ ಜನರತ್ತ ನಡೆದದ್ದು ಆಕಸ್ಮಿಕವಲ್ಲ.

1970ರ ಆಗಸ್ಟ್ 11ರಂದು ಅವರು ನಿಧನರಾದರು. ಆಗ ನವಿಲುತೀರ್ಥದ ಕಟ್ಟೆ ಇನ್ನೂ ಪೂರ್ಣಗೊಂಡಿರಲಿಲ್ಲ. ಯೋಜನಾ ನಿರಾಶ್ರಿತರ ಪುನರ್ವಸತಿಗೆ ಮಹಾರಾಷ್ಟ್ರ 1976ರಲ್ಲಿ ಕಾಯ್ದೆ ಮಾಡಿತು. ಭೂಮಿ ಪಡೆಯುವ ಮುನ್ನವೇ ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕೆಂಬ ನಿಯಮ ಕೇಂದ್ರದ ಭೂಸ್ವಾಧೀನ ಕಾಯ್ದೆಯಲ್ಲಿ ಸೇರಿದ್ದು 2013ರಲ್ಲಿ. ನೀರು ನಿಂತ ಮೇಲೆ ಇರಾವತಿಯವರು ಹೋಗಿ ಕೇಳಿದ ಪ್ರಶ್ನೆಯನ್ನು ನೀರು ನಿಲ್ಲಿಸುವ ಮೊದಲೇ ಕೇಳಬೇಕೆಂದು ದೇಶ ಒಪ್ಪಿಕೊಳ್ಳಲು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಅಷ್ಟರಲ್ಲಿ ಮಲಪ್ರಭೆಯ ದಂಡೆಯಿಂದ ಎದ್ದು ಹೋದವರ ಎರಡು ತಲೆಮಾರುಗಳು ಹೊಸ ಊರುಗಳಲ್ಲಿ ಬೆಳೆದಿದ್ದವು.