ರಿಚರ್ಡ್ ಕಾಬ್ಡನ್
ಸರಕಾರದ ಕೈ ಪ್ರಜೆಗಳ ಊಟದ ಎಲೆಯವರೆಗೂ ಚಾಚಬಾರದೆಂದು ಸಾರಿದ ರಿಚರ್ಡ್ ಕಾಬ್ಡನ್ ಮಹಾಶಯನು 1804ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ರೈತನೊಬ್ಬನ ಮಗನಾಗಿ ಹುಟ್ಟಿದನು. ಮ್ಯಾಂಚೆಸ್ಟರಿನಲ್ಲಿ ಅಚ್ಚುಬಟ್ಟೆಯ ವ್ಯಾಪಾರದಿಂದ ಧನಿಕನಾದನು. ಜಮೀನ್ದಾರರ ಹಿತಕ್ಕಾಗಿ ಪರದೇಶದ ಧಾನ್ಯಕ್ಕೆ ವಿಧಿಸಿದ್ದ ಸುಂಕವು ಬಡವರ ರೊಟ್ಟಿಯನ್ನು ತುಟ್ಟಿಯಾಗಿಸುವುದನ್ನು ಕಂಡು, ಜಾನ್ ಬ್ರೈಟನೊಡನೆ ಊರೂರು ತಿರುಗಿ ಲೋಕಮತವನ್ನು ಎಬ್ಬಿಸಿದನು; ಸ್ವಂತ ವ್ಯಾಪಾರ ಕೆಟ್ಟರೂ ಹಿಂಜರಿಯಲಿಲ್ಲ. 1846ರಲ್ಲಿ ಆ ಸುಂಕದ ಶಾಸನವು ರದ್ದಾಯಿತು.

ಆದರೆ ಪರರ ಪೇಟೆಯನ್ನು ಫಿರಂಗಿಯಿಂದ ತೆರೆಯಿಸುವುದನ್ನು ಅವನು ಒಪ್ಪಲಿಲ್ಲ. ಚೀನದ ಮೇಲಿನ ಯುದ್ಧವನ್ನು ಪಾರ್ಲಿಮೆಂಟಿನಲ್ಲಿ ಖಂಡಿಸಿ, 1857ರ ಚುನಾವಣೆಯಲ್ಲಿ ಸೋತನು. 1860ರಲ್ಲಿ ಫ್ರಾನ್ಸಿನೊಡನೆ ಸೌಹಾರ್ದದ ಒಪ್ಪಂದದಿಂದಲೇ ಸುಂಕಗಳು ಇಳಿಯುವಂತೆ ಮಾಡಿ, 1865ರಲ್ಲಿ ಕಾಲವಾದನು.

ಮ್ಯಾಂಚೆಸ್ಟರಿನ ಬಟ್ಟೆಯು ನಮ್ಮ ನೇಕಾರರಿಗೆ ಮಾಡಿದ ಹಾನಿಯನ್ನು ನಾವು ಮರೆತಿಲ್ಲ. ಆದರೂ ವ್ಯಾಪಾರವು ಒಪ್ಪಿಗೆಯಿಂದ ನಡೆಯಬೇಕೇ ಹೊರತು ಬಲಾತ್ಕಾರದಿಂದಲ್ಲವೆಂದು ತನ್ನ ಸ್ಥಾನವನ್ನೇ ಪಣವಿಟ್ಟ ಆ ವರ್ತಕನಿಗೆ ನಮ್ಮ ಗೌರವವು ಸಲ್ಲತಕ್ಕದ್ದು.